ಪ್ರಬಂಧ ಒಂಬತ್ತು ಪುಟ, ಹೆಸರು ಇಪ್ಪತ್ತನಾಲ್ಕು ಪುಟ

2015ರ ಮೇ ತಿಂಗಳಲ್ಲಿ 'ಫಿಸಿಕಲ್ ರಿವ್ಯೂ ಲೆಟರ್ಸ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಅಚ್ಚಾಯಿತು. ಹಿಗ್ಸ್ ಬೋಸಾನ್ ಕಣದ ದ್ರವ್ಯರಾಶಿ ಎಷ್ಟು ಅಂತ ಹೇಳುವ ಪ್ರಬಂಧ. ಒಟ್ಟು 33 ಪುಟ. ಅದರಲ್ಲಿ ವಿಷಯಕ್ಕೆ 9 ಪುಟ, ಅದೂ ಉಲ್ಲೇಖಗಳನ್ನು ಸೇರಿಸಿ. ಉಳಿದ 24 ಪುಟ ಬರೆದವರ ಹೆಸರು ಮತ್ತು ಅವರ ಸಂಸ್ಥೆಗಳ ಪಟ್ಟಿ. ಬರೆದವರು 5,154 ಮಂದಿ.

ಅಂದರೆ ಒಂದು ಪುಟ ಬರೆಯಲು 570ಕ್ಕೂ ಜಾಸ್ತಿ ಜನ. ತಲೆಗೊಂದು ಪದ ಹಂಚಲು ಕೂತರೂ ಎಲ್ಲರಿಗೂ ಸಿಗುತ್ತೋ ಇಲ್ಲವೋ. ಇಷ್ಟು ಜನ ಸೇರಿ ಕರಡು ಚರ್ಚಿಸಿದ್ದಾದರೂ ಹೇಗೆ? ಇವತ್ತಿನ ವಾಟ್ಸಾಪ್ ಗುಂಪಿನಲ್ಲೂ 1,024 ಜನಕ್ಕೆ ಮಾತ್ರ ಜಾಗ. ಐದು ಗುಂಪು ಪೂರ್ತಿ ತುಂಬಿಸಿದ ಮೇಲೂ 34 ಮಂದಿ ಹೊರಗೆ ಉಳಿಯುತ್ತಾರೆ. ಅವರಿಗಾಗಿ ಆರನೆಯ ಗುಂಪು ಬೇಕು. ನಿಜವಾದ ಕೆಲಸ ಆ ಆರನೆಯದರಲ್ಲೇ ನಡೆಯುತ್ತದೆ ಅಂತ ನನ್ನ ಅನುಮಾನ. ಉಳಿದ ಐದರಲ್ಲಿ ಗುಡ್ ಮಾರ್ನಿಂಗ್ ಹೂವುಗಳು.

ಹಾಗಂತ ಈ ಭೌತವಿಜ್ಞಾನಿಗಳನ್ನು ಸುಮ್ನೆ ಬೈಯುವಂತಿಲ್ಲ. ಜಿನೀವಾ ಬಳಿಯ ಸರ್ನ್ ಎಂಬ ಕಣಭೌತ ಪ್ರಯೋಗಾಲಯದಲ್ಲಿ, ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಯಂತ್ರ ಓಡಿಸುವುದು ಒಬ್ಬರಿಬ್ಬರ ಕೈಲಿ ಆಗುವ ಕೆಲಸವಲ್ಲ. ಕೇಬಲ್ ಎಳೆದವರು, ಸಾಫ್ಟ್‌ವೇರ್ ಬರೆದವರು, ರಾತ್ರಿ ಪಾಳಿಯಲ್ಲಿ ಪರದೆ ಕಾದವರು, ಎಲ್ಲರೂ ದುಡಿದಿದ್ದಾರೆ. ಈ ಪ್ರಬಂಧದ ಹಿಂದಿದ್ದ ಎರಡು ಪ್ರಯೋಗಗಳಲ್ಲಿ ಒಂದಾದ ಅಟ್ಲಾಸ್‌ನ ಪಟ್ಟಿಗೆ ಸೇರಬೇಕಾದರೆ ಹೊಸಬರು ಮೊದಲು ಕೆಲಸ ಮಾಡಿ ತೋರಿಸಿ ಅರ್ಹತೆ ಗಳಿಸಬೇಕು. ಸೇರಿಬಿಟ್ಟರೆ ಆಮೇಲೆ ಚಿಂತೆಯಿಲ್ಲ. ಪ್ರಬಂಧ ಓದಿದರೂ ಹೆಸರು ಬರುತ್ತದೆ, ಓದದಿದ್ದರೂ ಬರುತ್ತದೆ. ತೀರಿಕೊಂಡರೂ ಬರುತ್ತದೆ. ಹೆಸರಿನ ಪಕ್ಕ ಒಂದು ಗುರುತು ಹಾಕಿ, ಕೆಳಗೆ 'ದಿವಂಗತ' ಅಂತ ಅಡಿಟಿಪ್ಪಣಿ ಕೊಡುತ್ತಾರೆ. ನಮ್ಮ ಮತದಾರರ ಪಟ್ಟಿಯಲ್ಲಿ ಇಷ್ಟು ಪ್ರಾಮಾಣಿಕತೆ ಎಲ್ಲಿದೆ?

ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತವೆ. ಹಾಗಾಗಿ ಅಟ್ಲಾಸ್‌ನ ಪ್ರಬಂಧಗಳನ್ನು ಜಗತ್ತು ವರ್ಷಗಟ್ಟಲೆ 'ಜಿ. ಆದ್ ಮತ್ತು ಇತರರು' ಅಂತ ಉಲ್ಲೇಖಿಸಿತು. ಆ 'ಇತರರು' ಅನ್ನೋದರೊಳಗೆ ಸುಮಾರು ಮೂರು ಸಾವಿರ ಜನ ಕೂತಿದ್ದರು. ಮಕ್ಕಳು ವಿಜ್ಞಾನಿ ಆಗಲಿ ಅಂತ ಕೋಚಿಂಗ್‌ಗೆ ಲಕ್ಷ ಸುರಿಯುವ ಅಪ್ಪ ಅಮ್ಮಂದಿರು ಇನ್ಮೇಲೆ ಅಡ್ಡಹೆಸರಿನ ಕಡೆಗೂ ಸ್ವಲ್ಪ ಗಮನ ಕೊಡುವುದು ಒಳ್ಳೆಯದು.

2022ರಲ್ಲಿ ಇನ್ನೊಂದು ತಮಾಷೆ ಆಯಿತು. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ರಷ್ಯಾದ ಸಂಸ್ಥೆಗಳ ಹೆಸರನ್ನು ಪಟ್ಟಿಯಲ್ಲಿ ಹಾಕಬೇಕೇ ಬೇಡವೇ ಅಂತ ಸರ್ನ್‌ನ ಪ್ರಯೋಗಗಳಲ್ಲಿ ಜಗಳ ಶುರುವಾಯಿತು. ಫಲಿತಾಂಶ ಬರುತ್ತಿತ್ತು, ಪ್ರಬಂಧ ಸಿದ್ಧವಾಗುತ್ತಿತ್ತು, ಹೆಸರಿನ ಪಟ್ಟಿ ಮಾತ್ರ ಸಿದ್ಧವಾಗುತ್ತಿರಲಿಲ್ಲ. ತಿಂಗಳುಗಟ್ಟಲೆ ಪ್ರಬಂಧಗಳು ಪತ್ರಿಕೆಗಳಲ್ಲಿ ಅಚ್ಚಾಗದೆ ಕೂತವು. ಅಚ್ಚಿಗೆ ಮೊದಲೇ ಪ್ರಬಂಧ ಹಾಕುವ ಆರ್ಕೈವ್ ಜಾಲತಾಣಕ್ಕೆ ಹೆಸರುಗಳೇ ಇಲ್ಲದೆ ಹೋದವು. 2023ರಲ್ಲಿ ರಾಜಿಯಾಯಿತು: ವ್ಯಕ್ತಿಯ ಹೆಸರು ಇರಲಿ, ಸಂಸ್ಥೆಯ ಹೆಸರಿನ ಬದಲು 'ಸರ್ನ್ ಜೊತೆ ಸಹಕಾರ ಒಪ್ಪಂದ ಇರುವ ಒಂದು ಸಂಸ್ಥೆ' ಅಂತ ಹಾಕಿ. ಕಣದ ದ್ರವ್ಯರಾಶಿಯನ್ನು ಸಾವಿರಕ್ಕೆ ಎರಡು ಪಾಲಿನಷ್ಟೂ ತಪ್ಪದಂತೆ ಅಳೆದ ಜನಕ್ಕೆ, ಪಕ್ಕದ ಕುರ್ಚಿಯವರು ಎಲ್ಲಿ ಕೆಲಸ ಮಾಡುತ್ತಾರೆ ಅಂತ ಹೇಳಲು 'ಒಂದು ಸಂಸ್ಥೆ' ಸಾಕಾಯಿತು.

ಇದರಲ್ಲಿ ನನಗೆ ಇಷ್ಟವಾದ ಭಾಗ ಬೇರೆ. ಹೆಸರಿಲ್ಲದ ಆ ಪ್ರಬಂಧಗಳನ್ನೂ ಜನ ಓದಿದರು, ಉಲ್ಲೇಖಿಸಿದರು. ಭೌತಶಾಸ್ತ್ರಕ್ಕೆ ಒಂದು ಗೀರೂ ಬೀಳಲಿಲ್ಲ. ಪೆಟ್ಟು ಬಿದ್ದದ್ದು ಬಯೋಡೇಟಾಗಳಿಗೆ.

ಯಾಕೆಂದರೆ ಲೆಕ್ಕ ಹಾಕುವವರು ಎಣಿಸುವುದು ಹೆಸರನ್ನು. 2018ರಲ್ಲಿ, ಸಂಶೋಧನೆಗಳ ಬಗ್ಗೆಯೇ ಸಂಶೋಧನೆ ಮಾಡುವ ಜಾನ್ ಅಯೊಅನಿಡಿಸ್ ಮತ್ತು ಜೊತೆಗಾರರು ಒಂದು ಹುಡುಕಾಟ ನಡೆಸಿದರು. ವರ್ಷಕ್ಕೆ 72ಕ್ಕಿಂತ ಜಾಸ್ತಿ ಪ್ರಬಂಧ, ಅಂದರೆ ಹೆಚ್ಚುಕಮ್ಮಿ ಐದು ದಿನಕ್ಕೊಂದು ಪ್ರಬಂಧ ಹೊರತರುವವರು ಯಾರಪ್ಪಾ ಅಂತ. ಒಂಬತ್ತು ಸಾವಿರಕ್ಕೂ ಜಾಸ್ತಿ ಜನ ಸಿಕ್ಕರು. ಅದರಲ್ಲಿ ಶೇ. 86 ಮಂದಿ ಭೌತಶಾಸ್ತ್ರದವರು. ಹೆಚ್ಚಿನವರು ಇದೇ ಕಣಗಳ ಕಡೆಯವರು. ಅವರನ್ನು ಪಕ್ಕಕ್ಕಿಟ್ಟೇ ಅಧ್ಯಯನ ಮುಂದುವರಿಸಬೇಕಾಯಿತು.

ಇನ್ನು ಆ ಕಣಕ್ಕೆ ಯಾರ ಹೆಸರಿದೆಯೋ ಆ ಪೀಟರ್ ಹಿಗ್ಸ್ ಅವರ ಕಥೆ ಕೇಳಿ. 1964ರಲ್ಲಿ ಇದೇ ಪತ್ರಿಕೆಯಲ್ಲಿ ಅವರು ಒಬ್ಬರೇ ಬರೆದ ಪ್ರಬಂಧ ಎರಡು ಪುಟ ದಾಟುವುದಿಲ್ಲ. 2013ರಲ್ಲಿ ನೊಬೆಲ್ ಬಂತು. ಆಗ ಪತ್ರಿಕೆಯವರಿಗೆ ಅವರೇ ಹೇಳಿಕೊಂಡಿದ್ದರು. ಇಲಾಖೆಯಲ್ಲಿ 'ಇತ್ತೀಚಿನ ಪ್ರಬಂಧಗಳ ಪಟ್ಟಿ ಕೊಡಿ' ಅಂತ ಸುತ್ತೋಲೆ ಬರುತ್ತಿತ್ತಂತೆ. ಇವರು 'ಯಾವುದೂ ಇಲ್ಲ' ಅಂತ ಬರೆದು ಕಳಿಸುತ್ತಿದ್ದರಂತೆ. ಇವತ್ತಾಗಿದ್ದರೆ ನನಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ ಅಂದರು. ಕಣವನ್ನು ಊಹಿಸಿದವರ ಪಟ್ಟಿ ಖಾಲಿ. ಅದನ್ನು ಅಳೆದ 5,154 ಜನರ ಪಟ್ಟಿಗೆ ಒಂದೊಂದು ಅಂಕ.

ಈಗ ಡಾಕ್ಟರುಗಳ ಕಡೆ ಬರೋಣ. ಈ ಆಟದಲ್ಲಿ ಅವರು ಭೌತದವರಿಗಿಂತ ಹಳಬರು. 1993ರಲ್ಲಿ ಹೃದಯಾಘಾತಕ್ಕೆ ರಕ್ತದ ಹೆಪ್ಪು ಕರಗಿಸುವ ಔಷಧಿಗಳ ಬಗ್ಗೆ ಗಸ್ಟೋ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಒಳ್ಳೆಯ ಕೆಲಸ, 41,021 ರೋಗಿಗಳ ಮೇಲೆ ನಡೆದದ್ದು. ಲೇಖಕರು 976. ಪುಟಗಳ ಸಂಖ್ಯೆಗಿಂತ ಲೇಖಕರು ನೂರು ಪಟ್ಟು ಇದ್ದಾರೆ ಅಂತ ಆ ವರ್ಷದ ಇಗ್‌ನೊಬೆಲ್ ಬಹುಮಾನ ಸಿಕ್ಕಿತು. ಅದೂ ಸಾಹಿತ್ಯ ವಿಭಾಗದಲ್ಲಿ. 2021ರಲ್ಲಿ ಶಸ್ತ್ರಚಿಕಿತ್ಸೆ ಮತ್ತು ಕೋವಿಡ್ ಲಸಿಕೆ ಕುರಿತ ಅಧ್ಯಯನವೊಂದು ಈ ದಾಖಲೆಗಳನ್ನೆಲ್ಲ ಅಳಿಸಿಹಾಕಿತು. ರೋಗಿಗಳು 1,40,231. ಲೇಖಕರು 15,025. ಗಿನ್ನೆಸ್‌ನಲ್ಲೂ ದಾಖಲಾಯಿತು. ಭಾಗಿಸಿ ನೋಡಿದರೆ ಒಂಬತ್ತು ರೋಗಿಗಳಿಗೆ ಒಬ್ಬ ಲೇಖಕ. ನಮ್ಮ ಸರ್ಕಾರಿ ಆಸ್ಪತ್ರೆ ವಾರ್ಡಿನಲ್ಲಿ ಲೇಖಕರು ಬೇಡ ಸ್ವಾಮಿ, ಒಂಬತ್ತು ರೋಗಿಗಳಿಗೆ ಒಬ್ಬ ನರ್ಸ್ ಸಿಕ್ಕರೆ ಸಾಕು.

ಯಾರು ಲೇಖಕರು ಅಂತ ಹೇಳಲು ವೈದ್ಯಕೀಯದಲ್ಲಿ ನಿಯಮ ಇಲ್ಲವೆಂದಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಹಾಕಿದೆ. ಸಂಶೋಧನೆಯಲ್ಲಿ ಗಣನೀಯ ಪಾಲು ಇರಬೇಕು, ಬರವಣಿಗೆಯಲ್ಲಿ ಅಥವಾ ತಿದ್ದುವುದರಲ್ಲಿ ಕೈ ಇರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಡಬೇಕು, ಎಲ್ಲದಕ್ಕೂ ಜವಾಬ್ದಾರಿ ಹೊರಬೇಕು. ನಾಲ್ಕೂ ಕಡ್ಡಾಯ. ನಮ್ಮ ಕಾಲೇಜುಗಳಲ್ಲಿ ಇದಕ್ಕೆ ಐದನೆಯ ಷರತ್ತು ಒಂದಿದೆ: ವಿಭಾಗದ ಮುಖ್ಯಸ್ಥ, ಅಂದರೆ ಎಚ್‌ಒಡಿ ಆಗಿರಬೇಕು. ಇದೊಂದು ಇದ್ದರೆ ಮೊದಲ ನಾಲ್ಕು ಬೇಡ. ಪಿಜಿ ಹುಡುಗಿ ಡ್ಯೂಟಿ ಮುಗಿಸಿ ರೆಕಾರ್ಡ್ ರೂಮಿನಲ್ಲಿ ಕೂತು ಕೇಸ್ ಶೀಟ್ ಬಿಡಿಸುತ್ತಾಳೆ. ಲೆಕ್ಕ ಮಾಡಿಕೊಡುವವರಿಗೆ ಕೈಯಿಂದ ದುಡ್ಡು ಕೊಡುತ್ತಾಳೆ. ಕೊನೆಗೆ ಕರಡು ಹಿಡಿದು ಛೇಂಬರಿಗೆ ಹೋಗುತ್ತಾಳೆ.

"ಸರ್, ನಿಮ್ಮ ಹೆಸರು ಎಲ್ಲಿ ಹಾಕಲಿ?"

"ಎಲ್ಲಾದ್ರೂ ಹಾಕಮ್ಮ, ನನಗೇನೂ ಆಸೆ ಇಲ್ಲ. ಮೊದಲನೇದು ಆದ್ರೆ ಸಾಕು."

ಔಷಧ ಕಂಪನಿಗಳು ಇದನ್ನು ತಲೆಕೆಳಗು ಮಾಡಿ ಇನ್ನೂ ಸಲೀಸಾಗಿ ನಡೆಸಿದವು. ಅಲ್ಲಿ ಪ್ರಬಂಧ ಮೊದಲು, ಲೇಖಕರು ಆಮೇಲೆ. ಮರ್ಕ್ ಕಂಪನಿಯ ವಯಾಕ್ಸ್ ಎಂಬ ನೋವಿನ ಮಾತ್ರೆ ಹೃದಯಕ್ಕೆ ಅಪಾಯ ಅಂತ 2004ರಲ್ಲಿ ಮಾರುಕಟ್ಟೆಯಿಂದ ವಾಪಸಾಯಿತು. ಮೊಕದ್ದಮೆಗಳಲ್ಲಿ ಹೊರಬಿದ್ದ ಕಾಗದಪತ್ರಗಳನ್ನು ಕೆಲವರು ಕೂತು ಓದಿ 2008ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಬರೆದರು. ಒಂದು ಕರಡಿನಲ್ಲಿ ಮೊದಲ ಲೇಖಕರ ಜಾಗದಲ್ಲಿ ಇದ್ದದ್ದು ಇಷ್ಟೇ: 'ಹೊರಗಿನ ಲೇಖಕ?' ಪ್ರಬಂಧ ಸಿದ್ಧ, ಬರೆದವರು ಯಾರು ಅನ್ನೋದು ಇನ್ನೂ ತೀರ್ಮಾನ ಆಗಬೇಕು. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಗೇ ಅಚ್ಚು ಹಾಕಿದ್ದರೆ ಅದರಷ್ಟು ಸತ್ಯವಾದ ಲೇಖಕರ ಪಟ್ಟಿ ಇನ್ನೊಂದು ಇರುತ್ತಿರಲಿಲ್ಲ.

ಭಾರತೀಯ ವೈದ್ಯಕೀಯ ಮಂಡಳಿ ಇದಕ್ಕೆಲ್ಲ ಕಡಿವಾಣ ಹಾಕಲು ಹೊರಟಿತು. ಅಸಿಸ್ಟೆಂಟ್ ಪ್ರೊಫೆಸರ್ ಅಸೋಸಿಯೇಟ್ ಆಗಬೇಕಾದರೆ ಎರಡು ಪ್ರಬಂಧ ಇರಬೇಕಿತ್ತು. 2015ರಲ್ಲಿ ಬಂದ ಸುತ್ತೋಲೆ ಪ್ರಕಾರ ಪಟ್ಟಿಯ ಮೊದಲ ಇಬ್ಬರಿಗೆ ಮಾತ್ರ ಅದು ಲೆಕ್ಕಕ್ಕೆ. ಮೂರನೆಯವರು ಆಪರೇಷನ್ನನ್ನೇ ಮಾಡಿದ್ದರೂ ಅವರದು ಸಮಾಜಸೇವೆ. ಗಲಾಟೆಯಾಗಿ ಆಮೇಲೆ ಈ ನಿಯಮ ಬದಲಾಯಿತು, ಬಿಡಿ.

ಈ ಹಳೆಯ ನಿಯಮ ಓದಿದಾಗ ನನಗೆ ಎಫ್.ಡಿ.ಸಿ. ವಿಲ್ಲಾರ್ಡ್ ನೆನಪಾದರು. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜ್ಯಾಕ್ ಹೆದರಿಂಗ್ಟನ್ ಎಂಬ ಭೌತವಿಜ್ಞಾನಿ 1975ರಲ್ಲಿ ಹೀಲಿಯಂ-3 ಬಗ್ಗೆ ಒಂದು ಪ್ರಬಂಧ ಟೈಪ್ ಮಾಡಿಸಿದರು. ಉದ್ದಕ್ಕೂ 'ನಾವು', 'ನಾವು' ಅಂತಿತ್ತು. ಒಬ್ಬರೇ ಬರೆದದ್ದಕ್ಕೆ 'ನಾವು' ಅಂದರೆ ಪತ್ರಿಕೆಯವರು ವಾಪಸ್ ಕಳಿಸುತ್ತಾರೆ ಅಂತ ಗೆಳೆಯರೊಬ್ಬರು ಎಚ್ಚರಿಸಿದರು. ಕಂಪ್ಯೂಟರಿನಲ್ಲಿ ತಿದ್ದುವ ಕಾಲವಲ್ಲ, ಪೂರ್ತಿ ಮತ್ತೆ ಟೈಪ್ ಮಾಡಿಸಬೇಕು. ಅದರ ಬದಲು ಅವರು ಮನೆಯ ಸಯಾಮಿ ಬೆಕ್ಕನ್ನು ಎರಡನೆಯ ಲೇಖಕನಾಗಿ ಸೇರಿಸಿಬಿಟ್ಟರು. ಎಫ್.ಡಿ.ಸಿ.ಯಲ್ಲಿರುವ 'ಸಿ' ಅಂದರೆ ಚೆಸ್ಟರ್, ಬೆಕ್ಕಿನ ಹೆಸರು. ವಿಲ್ಲಾರ್ಡ್ ಅದರ ಅಪ್ಪನ ಹೆಸರು. ಪ್ರಬಂಧ ಅಚ್ಚಾಯಿತು. ಅದೇ 'ಫಿಸಿಕಲ್ ರಿವ್ಯೂ ಲೆಟರ್ಸ್'ನಲ್ಲಿ. 1980ರಲ್ಲಿ ಫ್ರೆಂಚ್ ಪತ್ರಿಕೆಯೊಂದರಲ್ಲಿ ಬೆಕ್ಕಿನದೇ ಸ್ವತಂತ್ರ ಲೇಖನವೂ ಬಂತು.

ಈಗ 2015ರ ಸುತ್ತೋಲೆ ಇಟ್ಟುಕೊಂಡು ಲೆಕ್ಕ ಹಾಕಿ. ಒಂದರಲ್ಲಿ ಎರಡನೆಯ ಲೇಖಕ, ಇನ್ನೊಂದರಲ್ಲಿ ಒಂದನೆಯ ಮತ್ತು ಏಕೈಕ ಲೇಖಕ. ಒಟ್ಟು ಎರಡು. ಎಂ.ಡಿ. ಇಲ್ಲ ಅಂತ ಯಾರಾದರೂ ತಕರಾರು ತೆಗೆಯಬಹುದು. ಆದರೆ ಇನ್‌ಸ್ಪೆಕ್ಷನ್ ದಿನ ಮಾತ್ರ ಬಂದು, ಕುರ್ಚಿಯಲ್ಲಿ ನಿದ್ದೆ ಮಾಡಿ, ಊಟದ ಹೊತ್ತಿಗೆ ಸರಿಯಾಗಿ ಎದ್ದು ಹೋಗುವ ಅಸೋಸಿಯೇಟ್ ಪ್ರೊಫೆಸರ್ ಬೇಕೆಂದರೆ, ಇಷ್ಟು ಅನುಭವ ಇರುವ ಅಭ್ಯರ್ಥಿ ಬೇರೆ ಸಿಗುವುದು ಕಷ್ಟ.