ಸ್ಪಷ್ಟನೆ: ಹಳೇ ಸಿನಿಮಾ 4ಕೆಯಲ್ಲಿ ಬರುವುದು ಮೋಸವಲ್ಲ

"ಆಗ 4ಕೆ ಕ್ಯಾಮೆರಾನೇ ಇರಲಿಲ್ಲ, ಈಗ ಥಿಯೇಟರಿನಲ್ಲಿ ಹಳೇ ಸಿನಿಮಾ 4ಕೆ ಅಂತ ಟಿಕೆಟ್ ಮಾರುವುದು ಸುಮ್ನೆ ಮೋಸ" ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು. 4ಕೆ ಅಂದರೆ ಅಡ್ಡಕ್ಕೆ ಸುಮಾರು 4,000 ಪಿಕ್ಸೆಲ್ (ಚಿತ್ರದ ಚುಕ್ಕಿ) ಇರುವ ಡಿಜಿಟಲ್ ಚಿತ್ರ.

ಆಗ ಶೂಟಿಂಗ್ ನಡೆಯುತ್ತಿದ್ದದ್ದು ಫಿಲ್ಮ್ ಮೇಲೆ. ಫಿಲ್ಮಿಗೆ ಪಿಕ್ಸೆಲ್ ಲೆಕ್ಕವೇ ಇಲ್ಲ. ಚೆನ್ನಾಗಿ ಉಳಿದ, ಕ್ಯಾಮೆರಾದಲ್ಲೇ ಓಡಿದ 35 ಎಂಎಂ ಅಗಲದ ನೆಗೆಟಿವ್‌ನಲ್ಲಿ, ನಾವು ಡಿವಿಡಿಯಲ್ಲಿ ಕಂಡದ್ದಕ್ಕಿಂತ ಎಷ್ಟೋ ಜಾಸ್ತಿ ವಿವರ ಇರುತ್ತದೆ. ಅದನ್ನು ಒಂದೊಂದೇ ಫ್ರೇಮ್ ಸ್ಕ್ಯಾನ್ ಮಾಡುತ್ತಾರೆ. ಸೆಕೆಂಡಿಗೆ 24 ಫ್ರೇಮ್ ಅಂದರೆ ಎರಡು ಗಂಟೆಯ ಸಿನಿಮಾಗೆ 1,72,800! ಆಮೇಲೆ ಗೀರು, ಧೂಳು, ಮಾಸಿದ ಬಣ್ಣ ಸರಿಪಡಿಸುವ ಕೆಲಸ ಬೇರೆ. 1962ರ 'ಲಾರೆನ್ಸ್ ಆಫ್ ಅರೇಬಿಯಾ' ಚಿತ್ರದ 65 ಎಂಎಂ ನೆಗೆಟಿವ್ ಅನ್ನು 8ಕೆಯಲ್ಲಿ ಸ್ಕ್ಯಾನ್ ಮಾಡಿ, 2012ರಲ್ಲಿ 4ಕೆಗೆ ಇಳಿಸಿ ತೋರಿಸಿದರು. ಗಮನಿಸಿ, ಇಳಿಸಿದ್ದು.

ಪರದೆ ಮೇಲೆ ಸಣ್ಣ ಮರಳಿನಂತೆ ಕದಲುವ ಕಣಗಳು ಕಂಡರೆ ಅದೂ ದೋಷವಲ್ಲ, ಫಿಲ್ಮಿನ ಗುಣ. ಪೂರ್ತಿ ಒರೆಸಿಬಿಟ್ಟರೆ ಮುಖಗಳು ಮೇಣದ ಗೊಂಬೆ ಥರ ಆಗುತ್ತವೆ, ಅದನ್ನು ಯಾರು ನೋಡ್ತಾರೆ?

ಹಾಗಂತ ಎಲ್ಲ ಪೋಸ್ಟರೂ ಸತ್ಯ ಅಂತಲ್ಲ. ನೆಗೆಟಿವ್ ಕಳೆದುಹೋಗಿ, ಹಳೇ ವಿಡಿಯೊ ಟೇಪನ್ನೇ ಹಿಗ್ಗಿಸಿ 4ಕೆ ಅಂತ ಹಾಕಿದರೆ ಅನುಮಾನ ಪಡುವುದು ನ್ಯಾಯವೇ. ಸ್ಕ್ಯಾನ್ ಮಾಡಿದ್ದು ಮೂಲ ನೆಗೆಟಿವ್‌ನಿಂದಲೇ ಅಂತ ಹೇಳಿದ್ದಾರಾ, ಟಿಕೆಟ್ ಕೊಳ್ಳುವ ಮುಂಚೆ ಒಮ್ಮೆ ನೋಡಿ.