ಪಕ್ಕದವರು ಗೊಂಬೆ ಕೂರಿಸಿದ್ದರು

ಗ್ಲಾಸ್ಗೋದಿಂದ ಬಂದು ಮೂರು ದಿನ ಆಯ್ತು. ನಿನ್ನೆ ಒಗೆಯೋ ಬಟ್ಟೆ ತೆಗೆಯೋಣ ಅಂತ ಸೂಟ್‌ಕೇಸ್ ಬಿಚ್ಚಿದರೆ, ಒಳಗಿಂದ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಒಂದು ಉರುಳಿ ಕಾಲ ಮೇಲೆ ಬಿತ್ತು. ಮುಖಪುಟದಲ್ಲಿ ಹಸಿರು ಡ್ರ್ಯಾಗನ್. ಕೆಳಗೆ 'ಭಾಗ ನಾಲ್ಕು'. ಮಗಳು ಎತ್ತಿ ನೋಡಿ "ಒಂದು, ಎರಡು, ಮೂರು ಎಲ್ಲಪ್ಪಾ?" ಅಂದಳು. ಕಾಲುನೋವು ಆಗಲೇ ಹೋಯಿತು. ಸಿಟ್ಟು ಮಾತ್ರ ಮತ್ತೆ ಮೊದಲಿಂದ ಶುರುವಾಯಿತು.

ನಾನು ಹೋಗಿದ್ದು 2024ರ ವರ್ಲ್ಡ್‌ಕಾನ್‌ಗೆ. ಸೈನ್ಸ್ ಫಿಕ್ಷನ್, ಫ್ಯಾಂಟಸಿ ಓದುವವರು, ಬರೆಯುವವರು ವರ್ಷಕ್ಕೊಮ್ಮೆ ಸೇರುವ ಜಾತ್ರೆ ಅದು. 1939ರಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 200 ಜನ ಸೇರಿ ಶುರು ಮಾಡಿದ್ದು, ಈಗ ಸಾವಿರಾರು ಜನ ಬರುತ್ತಾರೆ. ಈ ಬಗೆಯ ಬರವಣಿಗೆಯ ದೊಡ್ಡ ಪ್ರಶಸ್ತಿ ಹ್ಯೂಗೋ ಕೊಡುವುದೂ ಇಲ್ಲೇ. ಗ್ಲಾಸ್ಗೋಗೆ ಇದು ಮೂರನೇ ಸಲ ಬಂದಿದ್ದು, 1995, 2005 ಆದಮೇಲೆ. ನಮ್ಮ ಸಾಹಿತ್ಯ ಸಮ್ಮೇಳನ ಇದ್ದ ಹಾಗೆ ಅಂದುಕೊಳ್ಳಿ, ಆದರೆ ಗೋಷ್ಠಿಗೆ ಕರೆದರೆ ಶಾಲು, ಹಾರ, ಊಟದ ಕೂಪನ್ ಏನೂ ಇಲ್ಲ. ವೇದಿಕೆ ಮೇಲೆ ಕೂತು ಮಾತಾಡೋನೂ ಸದಸ್ಯತ್ವದ ದುಡ್ಡು ಕಟ್ಟಿಯೇ ಒಳಗೆ ಬರಬೇಕು. ಇದನ್ನು ನಮ್ಮಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಮದುವೇಲಿ ವಾಲಗದವನೇ ಮುಯ್ಯಿ ಕೊಟ್ಟಂಗಾಯ್ತಲ್ಲೋ" ಅಂದ. ಜಗಳ ಆಡೋಣ ಅಂದರೆ ನಡೆಸುವವರೂ ಸಂಬಳವಿಲ್ಲದ ಸ್ವಯಂಸೇವಕರು. ಅವರೂ ದುಡ್ಡು ಕಟ್ಟಿರುತ್ತಾರೆ. ಯಾರ ಹತ್ತಿರ ಆಡೋದು?

ನಾನೇನು ದೊಡ್ಡ ಸಾಹಿತಿ ಅಲ್ಲ. ಮ್ಯಾಂಚೆಸ್ಟರಿನಲ್ಲಿ ಹಗಲು ಸಾಫ್ಟ್‌ವೇರ್, ರಾತ್ರಿ ಕಥೆ. ತೆಳ್ಳಗಿನ ಸಂಕಲನ ಒಂದಿದೆ, ನಿಲ್ಲಿಸಿದರೆ ನಿಲ್ಲುವುದಿಲ್ಲ. ನನಗೆ ಸಿಕ್ಕಿದ್ದು ಒಂದು ಗಂಟೆಯ ಒಂದು ಗೋಷ್ಠಿ, ಮರುದಿನ ಸಹಿ ಹಾಕಲು ಒಂದು ಗಂಟೆ. ಗೋಷ್ಠಿಯ ವಿಷಯ ಕಲ್ಪನಾಲೋಕಗಳಲ್ಲಿ ಊಟ-ತಿಂಡಿ. ನೋಡಿದ ತಕ್ಷಣ ಎದೆ ಉಬ್ಬಿತು, ಯಾಕೆಂದರೆ ನನ್ನ ಹತ್ತಿರ ಒಂದು ಮಾತಿತ್ತು. ಒಂದೇ ಮಾತು, ಆದರೆ ಗಟ್ಟಿ ಮಾತು.

1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಮೇಲೆ ಹೋದರಲ್ಲ, ಅವರ ಜೊತೆ ಹೋದ ರವೆ ಹಲ್ವ, ಪಲಾವ್ ತಯಾರಾಗಿದ್ದು ನಮ್ಮ ಮೈಸೂರಿನಲ್ಲಿ. ಸಿದ್ಧಾರ್ಥನಗರದ ಡಿಎಫ್‌ಆರ್‌ಎಲ್‌ನಲ್ಲಿ, ಅಂದರೆ ರಕ್ಷಣಾ ಇಲಾಖೆಯ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ. (ಊರಿನ ಇನ್ನೊಂದು ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಲ್ಲ. ಮೈಸೂರಿನವರೇ ಎರಡನ್ನೂ ಕಲಸಿಬಿಡ್ತಾರೆ.) ನಾನಾಗ ಮೂರನೇ ಕ್ಲಾಸು. ಅಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಸ್ಟೋರ್ಸ್‌ನಲ್ಲೋ ಎಲ್ಲೋ ಇದ್ದಿರಬೇಕು, ಆದರೆ ನಮ್ಮ ಲೆಕ್ಕದಲ್ಲಿ ಹಲ್ವ ಕೆದಕಿದವರು ಅವರೇ. ಬೆಳಿಗ್ಗೆ ಸೈಕಲ್ಲಿಗೆ ಟಿಫಿನ್ ಕ್ಯಾರಿಯರ್ ನೇತುಹಾಕಿಕೊಂಡು ಹೊರಟರೆ, ಅದು ಸೀದಾ ರಾಕೆಟ್ಟಿಗೇ ಹೋಗ್ತದೆ ಅಂತ ನಂಬಿ ಮೂಲೆಯವರೆಗೂ ಹಿಂದೆ ಓಡುತ್ತಿದ್ದೆವು. ಅವರೂ ಒಂದು ದಿನ ಅಲ್ಲ ಅನ್ನಲಿಲ್ಲ. ಗಂಟೆ ಬಾರಿಸಿಕೊಂಡು ಹೋಗುತ್ತಿದ್ದರು.

ಇದನ್ನು ಹೇಳಿ, ಅಲ್ಲಿಂದ ಮುದ್ದೆಗೆ ಬರಬೇಕು ಅಂತ ನನ್ನ ಪ್ಲಾನು. ತೂಕವಿಲ್ಲದ ಜಾಗದಲ್ಲಿ ಬ್ರೆಡ್ಡಿನ ಪುಡಿ ತೇಲಿ ಕಣ್ಣಿಗೆ, ಯಂತ್ರಕ್ಕೆಲ್ಲ ಹೋಗುತ್ತದೆ ಅಂತ 1985ರಿಂದ ಅಮೆರಿಕದವರು ಟಾರ್ಟಿಯ ಅನ್ನೋ ಮೆಕ್ಸಿಕೋ ಚಪಾತಿ ಒಯ್ಯಲು ಶುರು ಮಾಡಿದರು. ಮುದ್ದೆಗೆ ಪುಡಿಯೇ ಇಲ್ಲ. ಅಗಿಯೋ ಕೆಲಸವೂ ಇಲ್ಲ. ಕಷ್ಟ ಇರೋದು ಸಾರಿನದು. ಅಲ್ಲಿ ನೀರೆಲ್ಲ ಉಂಡೆ ಕಟ್ಟಿಕೊಂಡು ತೇಲುವುದರಿಂದ ಮುದ್ದೆ ಮುದ್ದೆಯಾಗೇ ಇರುತ್ತದೆ, ಸಾರೂ ಮುದ್ದೆಯಾಗುತ್ತದೆ. ಇಷ್ಟು ಹೇಳಿದರೆ ಸಭೆ ನಕ್ಕೇ ನಗುತ್ತದೆ ಅಂತ ಕನ್ನಡಿ ಮುಂದೆ ನಾಲ್ಕು ಸಲ ಹೇಳಿ ನೋಡಿಕೊಂಡಿದ್ದೆ.

ಹತ್ತು ನಿಮಿಷ ಮೊದಲೇ ಹೋದೆ. ಪಕ್ಕದ ಕುರ್ಚಿಯವರು ನನಗಿಂತ ಮೊದಲೇ ಬಂದು ಗೊಂಬೆ ಕೂರಿಸುತ್ತಿದ್ದರು. ತಮಾಷೆ ಅಲ್ಲ. ಚಕ್ರದ ಪೆಟ್ಟಿಗೆಯಿಂದ ಪುಟ್ಟ ಪುಟ್ಟ ತಂತಿ ಸ್ಟ್ಯಾಂಡು ತೆಗೆದರು. ಕಪ್ಪು ಬಟ್ಟೆ ಹಾಸಿದರು. ಅದರ ಮೇಲೆ ತಮ್ಮ ಕಾದಂಬರಿ ಸರಣಿ, ಭಾಗ ಒಂದರಿಂದ ಒಂಬತ್ತು. ಪಟ್ಟದ ಗೊಂಬೆ ಜಾಗದಲ್ಲಿ ಭಾಗ ಒಂದು, ಆಚೀಚೆ ಉಳಿದವು. ಎದ್ದು ಸಭಿಕರ ಕಡೆಗೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿ, ಬಂದು ಭಾಗ ಆರನ್ನು ಒಂದು ಬೆರಳು ಬಲಕ್ಕೆ ಸರಿಸಿದರು. ಮತ್ತೆ ಹೋಗಿ ನೋಡಿದರು. ಅವರ ಮುಂದೆ ಜಾಗ ಮುಗಿದಿತ್ತು, ಹಾಗಾಗಿ ಏಳು, ಎಂಟು, ಒಂಬತ್ತು ನನ್ನ ಮುಂದೆ ಬಂದವು. "ತೊಂದರೆ ಇಲ್ಲ ಅಲ್ವಾ?" ಅಂದರು. ಹಾಳಾದ ಬಾಯಿ, "ಇಲ್ಲ ಇಲ್ಲ" ಅಂದುಬಿಟ್ಟಿತು. ನನ್ನ ಸಂಕಲನ ಭಾಗ ಎಂಟರ ಹಿಂದೆ ಮಲಗಿತು. ನಾನೂ ಹೆಚ್ಚುಕಡಿಮೆ ಅಲ್ಲೇ. ಮುಂದಿನ ಸಾಲಿನವರಿಗೆ ನನ್ನ ಕೂದಲು ಕಂಡಿರಬಹುದು, ಅದೂ ಈಗ ಮೊದಲಿನಷ್ಟಿಲ್ಲ.

ಶುರುವಾಯಿತು. ನಿರೂಪಕರು ಯಾರನ್ನು ಏನೇ ಕೇಳಲಿ, ಇವರು "ಭಾಗ ಮೂರರಲ್ಲಿ ನಾನು..." ಅಂತ ಭಾಗ ಮೂರನ್ನು ಎತ್ತಿ ಆರತಿ ಥರ ಎಡದಿಂದ ಬಲಕ್ಕೆ ಒಂದು ಸುತ್ತು ತೋರಿಸಿ, ಸ್ಟ್ಯಾಂಡಿನಲ್ಲಿ ವಾಪಸ್ಸು ಕೂರಿಸಿ, ನೆಟ್ಟಗಿದೆಯಾ ಅಂತ ನೋಡಿ, ಆಮೇಲೆ ಮುಂದುವರಿಸುವರು. ಡ್ರ್ಯಾಗನ್‌ಗೆ ಬಸಿರಲ್ಲಿ ಬಯಕೆ ಆಗುತ್ತದಾ ಅನ್ನುವುದಕ್ಕೇ ಹನ್ನೆರಡು ನಿಮಿಷ. ನಲವತ್ತು ನಿಮಿಷದಲ್ಲಿ ನಾನಾಡಿದ ಮಾತು ಎರಡು: "ನಮಸ್ಕಾರ" ಮತ್ತು "ಹೌದೌದು".

ಕೊನೆಗೆ ನಿರೂಪಕರಿಗೇ ಪಾಪ ಅನ್ನಿಸಿ ನನ್ನ ಕಡೆ ತಿರುಗಿ, ನೀವು ಬಾಹ್ಯಾಕಾಶದ ಊಟದ ಬಗ್ಗೆ ಏನೋ ಹೇಳಬೇಕು ಅಂದಿದ್ದಿರಿ ಅಂದರು. ಮೈಕು ಡ್ರ್ಯಾಗನ್ ಬಾಲದ ಹಿಂದೆ ಇತ್ತು. ಕೈ ಚಾಚಿದೆ. ಮೊಣಕೈ ಭಾಗ ಏಳಕ್ಕೆ ತಾಗಿತು. ಏಳು ಆರರ ಮೇಲೆ, ಆರು ಐದರ ಮೇಲೆ, ಒಂದೊಂದಾಗಿ ಟಪಟಪ ಅಂತ ಎಡಕ್ಕೆ ಮಲಗುತ್ತಾ ಹೋಗಿ ಪಟ್ಟದ ಗೊಂಬೆ ನೀರಿನ ಜಗ್ಗನ್ನೂ ಕರೆದುಕೊಂಡು ಕೆಳಗೆ ಬಿತ್ತು. ಸಭೆ ನಕ್ಕಿತು. ಹೌದು, ನಾನು ಕಾಯುತ್ತಿದ್ದ ನಗು ಅದೇ.

ಅವರು ಬೈಯಲಿಲ್ಲ, ಅದೇ ಬೇಜಾರು. ಶಾಂತವಾಗಿ ಎದ್ದು, ಒಂದೊಂದನ್ನೂ ಕರ್ಚೀಫಿನಲ್ಲಿ ಒರೆಸಿ, ಕ್ರಮಸಂಖ್ಯೆ ಪ್ರಕಾರ ಮತ್ತೆ ಕೂರಿಸಿದರು. ಮೊಣಕಾಲೂರಿ ಸ್ಟ್ಯಾಂಡು ಹುಡುಕಿ ಕೊಟ್ಟಿದ್ದು ನಾನೇ. ಕುರ್ಚಿಗೆ ಬರುವಷ್ಟರಲ್ಲಿ ಒಂದು ಪ್ರಶ್ನೆಗೆ ಮಾತ್ರ ಟೈಮಿತ್ತು. ಎದ್ದವರು "ಪ್ರಶ್ನೆ ಅಂತಲ್ಲ, ಒಂದು ಅನಿಸಿಕೆ" ಅಂದರು. ಇದು ಬೆಂಗಳೂರು, ಧಾರವಾಡ, ಗ್ಲಾಸ್ಗೋ, ಎಲ್ಲಾ ಕಡೆ ಒಂದೇ ನೋಡಿ. ಹೊರಡುವಾಗ ಪಕ್ಕದವರು ನೆಂದಿದ್ದ ಭಾಗ ನಾಲ್ಕನ್ನು ನನ್ನ ಕೈಗಿಟ್ಟು, ಹೆಸರು ತಪ್ಪು ಬರೆದು, ಸಹಿ ಹಾಕಿ ಕೊಟ್ಟರು.

ಮರುದಿನ ಸಹಿ ಟೇಬಲ್ಲು. ಸಾಲಾಗಿ ಲೇಖಕರು. ನನ್ನ ಪಕ್ಕದಲ್ಲಿ ದೊಡ್ಡ ಹೆಸರಿನವರು, ಅವರ ಕ್ಯೂ ನನ್ನ ಟೇಬಲ್ ಸುತ್ತಿಕೊಂಡು ಬಾಗಿಲಾಚೆ ಹೋಗಿತ್ತು. ನಿಂತವರಿಗೆ ಬ್ಯಾಗಿಡಲು ಖಾಲಿ ಟೇಬಲ್ ಬೇಕಿತ್ತು, ಸಿಕ್ಕಿತು. ಒಬ್ಬರು ಪೆನ್ ಕೇಳಿದರು, ಕೊಟ್ಟೆ. ಇನ್ನೊಬ್ಬರು ಟಾಯ್ಲೆಟ್ ಎಲ್ಲಿ ಅಂದರು, ತೋರಿಸಿದೆ.

ಬ್ಯಾಗಿಟ್ಟ ಒಬ್ಬ ಅಜ್ಜಿ, ಅದೇ ಊರಿನವರು, ಸುಮ್ನೆ ನಿಂತು ಬೇಜಾರಾಗಿ "ನೀವೇನು ಬರೀತೀರಿ?" ಅಂದರು. ನನ್ನ ಬಾಯಿಂದ ಕಥೆ ಬರಲಿಲ್ಲ, ಮುದ್ದೆ ಬಂತು. ಸೈಕಲ್ಲು, ಹಲ್ವ, ಸಾರಿನ ಉಂಡೆ, ಎಲ್ಲಾ ಬಂತು. ಅಜ್ಜಿ ನಗಲಿಲ್ಲ. ಅವರ ಅಜ್ಜಿಯ ಕಾಲದಲ್ಲಿ ಓಟ್ಸ್ ಗಂಜಿಯನ್ನು ಮೇಜಿನ ಡ್ರಾಯರಿಗೇ ಸುರಿದು ಗಟ್ಟಿಯಾದ ಮೇಲೆ ಬರ್ಫಿ ಥರ ಕುಯ್ದು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದರಂತೆ. "ಅದರಲ್ಲೂ ಪುಡಿ ಉದುರಲ್ಲ" ಅಂದರು, ಸ್ವಲ್ಪ ಸ್ಪರ್ಧೆಯ ಧ್ವನಿಯಲ್ಲಿ. ಮುದ್ದೆ ಅಗಿದರೆ ಏನಾಗುತ್ತೆ ಅಂತ ಕೇಳಿದರು. ಏನೂ ಆಗಲ್ಲ, ನಮ್ಮಜ್ಜಿ ಬೈತಾರೆ ಅಷ್ಟೆ ಅಂದೆ. ಅಷ್ಟರಲ್ಲಿ ಕ್ಯೂ ಸರಿಯಿತು.

ಬ್ಯಾಗಿಗೆ ವಾಪಸ್ಸು ಬಂದಾಗ, ದೊಡ್ಡವರ ಸಹಿ ಹಾಕಿಸಿದ್ದ ಪುಸ್ತಕದ ಕೊನೇ ಪುಟ ತೆರೆದು ನನ್ನ ಮುಂದೆ ಹಿಡಿದರು. "ಆ ಹೆಸರು ನಿಮ್ಮ ಭಾಷೇಲಿ ಬರೀರಿ." ಪೆನ್ ಒಯ್ದವರು ತಂದು ಕೊಟ್ಟಿರಲಿಲ್ಲ, ಅವರದೇ ಇಸಕೊಂಡು ದಪ್ಪಕ್ಷರದಲ್ಲಿ 'ರಾಗಿ ಮುದ್ದೆ' ಅಂತ ಬರೆದು, ಕೆಳಗೆ ಸಹಿ ಹಾಕಿದೆ. ಆ ಗಂಟೆಯಲ್ಲಿ ನಾನು ಹಾಕಿದ ಸಹಿ ಅದೊಂದೇ.

ಮಗಳು ನಿನ್ನೆ ರಾತ್ರಿಯಿಂದ ಭಾಗ ನಾಲ್ಕು ಓದುತ್ತಿದ್ದಾಳೆ. ಚೆನ್ನಾಗಿದೆಯಂತೆ. ಐದು ತರಿಸಿಕೊಡು ಅಂತಿದ್ದಾಳೆ.