ಹಳೆಯ ಸ್ಟುವರ್ಟ್ ಕಿಟ್ ಸರಿಪಡಿಸುವವರು ಮೊದಲು ಅದನ್ನು ಮಗುಚಿ ನೋಡಿ

ಹಳೆಯ ಟ್ಯಾಂಕ್ ಕಿಟ್ (ಬಿಡಿಭಾಗ ಅಂಟಿಸಿ ಮಾಡುವ ಪ್ಲಾಸ್ಟಿಕ್ ಮಾದರಿ) ಸಿಕ್ಕರೆ ಎಸೆಯಬೇಡಿ, ಸರಿಪಡಿಸಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಯಾಕೆಂದರೆ ಈಗ ನನ್ನ ಮೇಜಿನ ಮೇಲಿರುವುದು ಒಂದು ಹಳೆಯ 1:35 ಅಳತೆಯ, ಅಂದರೆ ನಿಜದ್ದರ ಮೂವತ್ತೈದರಲ್ಲಿ ಒಂದು ಪಾಲಿನ, ಸ್ಟುವರ್ಟ್ ಅನ್ನುವ ಅಮೆರಿಕದ ಹಗುರ ಟ್ಯಾಂಕ್. ಕಾರವಾರದವರು ಈ ಟ್ಯಾಂಕನ್ನು ಸುಮ್ನೆ ಹೇಗೋ ಅಂಟಿಸಿ ಬಣ್ಣ ಬಳಿದು ಕಪಾಟಿನಲ್ಲಿ ಇಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾರಣ ಇದೆ. ಟ್ಯಾಗೋರ್ ಕಡಲತೀರಕ್ಕೆ ಬಂದವರೆಲ್ಲ ಚಾಪಲ್ ಯುದ್ಧನೌಕೆ ಎದುರು ಫೋಟೋ ತೆಗೆಸಿಕೊಳ್ಳುತ್ತಾರೆ, ಪಕ್ಕದಲ್ಲಿರುವ ಪ್ರತಿಮೆ ಯಾರದ್ದು ಅಂತ ಓದಿ ನೋಡುವವರು ಕಡಿಮೆ. ಅದು ರಾಮ ರಾಘೋಬ ರಾಣೆ ಅವರದ್ದು. ನಮ್ಮ ಚೆಂಡಿಯಾದವರು, ಪರಮವೀರ ಚಕ್ರ ಪಡೆದವರು, ಅದನ್ನು ಬದುಕಿದ್ದಾಗಲೇ ಪಡೆದವರು. 1948ರ ಏಪ್ರಿಲ್‌ನಲ್ಲಿ ಅವರು ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್. ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ರಸ್ತೆಯಲ್ಲಿ ಹೂತಿಟ್ಟ ಮೈನ್‌ಗಳು, ಅಲ್ಲಲ್ಲಿ ಮರ ಕೆಡವಿ ಮಾಡಿದ ಅಡ್ಡಗಟ್ಟು, ಮೇಲಿನ ಗುಡ್ಡದಿಂದ ಮಷಿನ್‌ಗನ್. 8ನೇ ತಾರೀಖು ಮಾರ್ಟರ್ ದಾಳಿಯಲ್ಲಿ ಅವರ ತಂಡದ ಇಬ್ಬರು ಸತ್ತರು, ಅವರೂ ಸೇರಿ ಐದು ಜನಕ್ಕೆ ಗಾಯ. ಆದರೂ 11ರವರೆಗೆ ಕೆಲಸ ಬಿಡಲಿಲ್ಲ. ಗುಂಡಿನ ಮಳೆ ಜಾಸ್ತಿ ಇದ್ದಲ್ಲಿ ಅವರು ಸ್ಟುವರ್ಟ್ ಟ್ಯಾಂಕಿನ ಅಡಿಗೆ ನುಸುಳಿ, ಎರಡು ಹಗ್ಗಗಳಿಂದ ಡ್ರೈವರ್‌ಗೆ ಸೂಚನೆ ಕೊಡುತ್ತಾ, ಟ್ಯಾಂಕು ಸರಿದ ಹಾಗೆ ತಾವೂ ತೆವಳುತ್ತಾ ಮುಂದಕ್ಕೆ ಹೋದರು.

ಈಗ ಕಿಟ್ ಕೈಗೆತ್ತಿಕೊಂಡು ಮಗುಚಿ ನೋಡಿ.

ಸ್ಟುವರ್ಟ್‌ನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು ಒಂದೂವರೆ ಅಡಿಗಿಂತ ಕಡಿಮೆ ಜಾಗ. ನಮ್ಮ ಅಳತೆಯಲ್ಲಿ 13 ಮಿಲಿಮೀಟರ್ ಕೂಡ ಇಲ್ಲ. ಆ ಸಂದಿಯಲ್ಲಿ ನಮ್ಮೂರಿನ ಒಬ್ಬ ಮನುಷ್ಯ ಮಲಗಿ ತೆವಳಿದ್ದಾನೆ. ಆದರೆ ಹಳೆಯ ಕಿಟ್‌ಗಳಲ್ಲಿ ಅತಿ ಕೆಟ್ಟದಾಗಿ ಮಾಡಿರುವ ಭಾಗವೇ ಅದು. ನನ್ನ ಬಳಿ ಇರುವುದರಲ್ಲಿ ಅಡಿಭಾಗ ಬೋಳು ತಗಡಿನ ಹಾಗಿದೆ, ಮಧ್ಯೆ ಯಾಕಿದೆ ಅಂತ ಗೊತ್ತಾಗದ ತೂತುಗಳು. ಆ ಕಾಲದ ಎಷ್ಟೋ ಟ್ಯಾಂಕ್ ಕಿಟ್‌ಗಳು ಒಳಗೆ ಮೋಟಾರ್ ಹಾಕಿ ಓಡಿಸುವ ಆಟಿಕೆಗಳು. 1:35 ಎಂಬ ಅಳತೆ ಹುಟ್ಟಿದ್ದೇ ಹಾಗೆ. ಜಪಾನಿನ ತಮಿಯಾ ಕಂಪನಿ 1960ರ ದಶಕದ ಶುರುವಿನಲ್ಲಿ ಪ್ಯಾಂಥರ್ ಟ್ಯಾಂಕ್ ಮಾಡುವಾಗ ಒಳಗೆ ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿದರು, ಆಮೇಲೆ ಅಳೆದರೆ ಅದು ಸುಮಾರು 1:35 ಆಗಿತ್ತು. ಬ್ಯಾಟರಿ ಪೆಟ್ಟಿಗೆ, ಸ್ವಿಚ್, ಸ್ಕ್ರೂ ಎಲ್ಲ ಬರುತ್ತಿದ್ದುದು ಹೊಟ್ಟೆಯ ಭಾಗಕ್ಕೆ. ಹಾಗಾಗಿ ಅಲ್ಲಿ ವಿವರ ಕೆತ್ತುವ ಗೋಜಿಗೆ ಯಾರೂ ಹೋಗಲಿಲ್ಲ.

ಇನ್ನೊಂದು ದೋಷ ಹೊಟ್ಟೆಯ ಆಚೀಚೆ ಇರುತ್ತದೆ. ಟ್ರ್ಯಾಕಿನ (ಚಕ್ರಗಳ ಸುತ್ತ ತಿರುಗುವ ಸರಪಳಿ ಪಟ್ಟಿ) ಮೇಲೆ ಚಾಚಿಕೊಂಡಿರುವ ಭಾಗಕ್ಕೆ ಸ್ಪಾನ್ಸನ್ ಅನ್ನುತ್ತೇವೆ. ಹಳೆಯ ಕಿಟ್‌ಗಳಲ್ಲಿ ಅದಕ್ಕೆ ತಳವೇ ಇರುವುದಿಲ್ಲ. ಬದಿಯಿಂದ ಬಗ್ಗಿ ನೋಡಿದರೆ ಟ್ಯಾಂಕಿನ ಒಳಗಿನ ಟೊಳ್ಳು ಕಾಣುತ್ತದೆ. ಕಪಾಟಿನಲ್ಲಿ ಮೇಲಿಂದ ನೋಡುವವರಿಗೆ ಇದು ಗೊತ್ತಾಗುವುದಿಲ್ಲ, ಸರಿ. ಆದರೆ ರಾಣೆಯವರ ದೃಶ್ಯ ಮಾಡುವವರು ಜನರನ್ನು ಬಗ್ಗಿಸಿಯೇ ನೋಡಿಸಬೇಕು, ಅಲ್ವಾ? ಆದ್ದರಿಂದ ನಾನು ಮೊದಲು ಮಾಡಿಸುವ ಕೆಲಸ ಇದೇ. ತೂತುಗಳನ್ನು ಪ್ಲಾಸ್ಟಿಕ್ ತುಂಡಿನಿಂದ ಮುಚ್ಚಿ ಪುಟ್ಟಿ ಹಚ್ಚಿ ಉಜ್ಜಿ, ಸ್ಪಾನ್ಸನ್‌ಗೆ ಹಾಳೆ ಕತ್ತರಿಸಿ ತಳ ಕೂರಿಸಿ, ಆಮೇಲೆ ಎಂಜಿನ್ ಕೆಳಗಿನ ಪ್ಲೇಟ್, ಎಣ್ಣೆ ಇಳಿಸುವ ಪ್ಲಗ್, ಬೋಲ್ಟ್ ತಲೆಗಳು. ಸ್ಟೈರೀನ್ ಹಾಳೆ (ಕಿಟ್ಟಿನದ್ದೇ ಜಾತಿಯ ಪ್ಲಾಸ್ಟಿಕ್) ಸಿಗದಿದ್ದರೆ ಹಳೆಯ ಸಿಮ್ ಕಾರ್ಡಿನ ಚೌಕಟ್ಟು ಬಳಸಬಹುದು, ಆದರೆ ಅದು ಬೇರೆ ಜಾತಿ ಪ್ಲಾಸ್ಟಿಕ್, ಮಾಡೆಲ್ ಅಂಟಿಗೆ ಸರಿಯಾಗಿ ಕಚ್ಚುವುದಿಲ್ಲ, ಸೂಪರ್ ಗ್ಲೂ ಬೇಕು.

ಇಲ್ಲಿ ನನಗೆ ಕೆಲವರ ಜೊತೆ ಜಗಳವೇ ಇದೆ. ಹಳೆಯ ಕಿಟ್ ಸುಧಾರಿಸುವುದು ಅಂದರೆ ಎಚ್ಚಿಂಗ್ ಮಾಡಿ ಸಣ್ಣ ವಿವರ ಕೊರೆದ ಹಿತ್ತಾಳೆ ಹಾಳೆ ತರಿಸುವುದು, ಕಡೆದ ಅಲ್ಯುಮಿನಿಯಂ ನಳಿಗೆ ತರಿಸುವುದು ಅಂತ ಅವರು ತಿಳಿದಿದ್ದಾರೆ. ಕಿಟ್ಟಿನ ಬೆಲೆಗಿಂತ ಜಾಸ್ತಿ ದುಡ್ಡು ಸುರಿದು, ಕೊನೆಗೆ ಟ್ಯಾಂಕಿನ ಒಂದು ಚಕ್ರ ಗಾಳಿಯಲ್ಲಿ ನಿಂತಿರುತ್ತದೆ! ಆಕಾರ ಮತ್ತು ನಿಲುವು ಮೊದಲು ಸರಿಯಾಗಬೇಕು. ಹಿತ್ತಾಳೆ ಆಮೇಲೆ, ಬೇಕಾದರೆ ಮಾತ್ರ.

ನಿಲುವು ಅಂದೆನಲ್ಲ, ಸ್ಟುವರ್ಟ್‌ನಲ್ಲಿ ಅದು ಬಹಳ ಮುಖ್ಯ. ಒಂದೊಂದು ಬದಿಗೆ ಎರಡು ಬೋಗಿ (ಚಕ್ರ ಹಿಡಿಯುವ ಚೌಕಟ್ಟು), ಒಂದೊಂದು ಬೋಗಿಗೆ ಎರಡು ಚಕ್ರ. ಹಿಂದೆ ಇರುವ, ಟ್ರ್ಯಾಕ್ ತಿರುಗಿ ಬರುವ ದೊಡ್ಡ ಐಡ್ಲರ್ ಚಕ್ರವೂ ನೆಲಕ್ಕೆ ಕೂರುತ್ತದೆ, ಅದೇ ಈ ಟ್ಯಾಂಕಿನ ಗುರುತು. ಹಳೆಯ ಕಿಟ್‌ಗಳಲ್ಲಿ ಅದನ್ನು ಹಿಡಿಯುವ ತೋಳಿನ ತೂತು ಸಡಿಲವಾಗಿದ್ದು ಐಡ್ಲರ್ ಎತ್ತರಕ್ಕೆ ನಿಲ್ಲುವುದುಂಟು. ಕನ್ನಡಿ ಮೇಲೆ ಇಟ್ಟು, ಎಲ್ಲ ಚಕ್ರದ ಅಡಿಗೂ ಕಾಗದದ ಚೂರು ತೂರಿಸಿ ನೋಡಿ. ಕಾಗದ ಸುಲಭವಾಗಿ ಜಾರಿ ಬಂದರೆ ಆ ಚಕ್ರ ಸುಳ್ಳು ಹೇಳುತ್ತಿದೆ ಅಂತ ಅರ್ಥ. ಅಂಟು ಒಣಗುವ ಮೊದಲೇ ಸರಿಮಾಡಿ. ಅಗಲವನ್ನೂ ಅಳೆಯಿರಿ. ನಿಜದ ಸ್ಟುವರ್ಟ್ ಸುಮಾರು ಎರಡೂಕಾಲು ಮೀಟರ್ ಅಗಲ, ನಮ್ಮದು 64 ಮಿಲಿಮೀಟರ್ ಆಸುಪಾಸು ಬರಬೇಕು.

ಟ್ರ್ಯಾಕ್ ವಿಷಯದಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ, ಜೋತು ಬೀಳಿಸಿ, ಚಕ್ರಕ್ಕೆ ಅಂಟಿಸಿ. ರಷ್ಯಾದ ಟಿ-34ಕ್ಕೆ ಅದು ಸರಿ. ಸ್ಟುವರ್ಟ್‌ನದ್ದು ರಬ್ಬರ್ ಬ್ಲಾಕಿನ ಟ್ರ್ಯಾಕ್, ಕೀಲುಗಳಲ್ಲೂ ರಬ್ಬರ್ ಇದೆ, ಮೇಲೆ ಮೂರು ರೋಲರ್‌ಗಳ ಆಧಾರ ಬೇರೆ. ಅದು ಸಾಕಷ್ಟು ಬಿಗಿಯಾಗಿಯೇ ಇರುತ್ತದೆ. ಎಲ್ಲ ಟ್ಯಾಂಕಿಗೂ ಒಂದೇ ಮದ್ದು ಅರೆಯಬೇಡಿ. ಮೈ ಒರಟು ಮಾಡುವುದೂ ಹಾಗೆಯೇ. ಹಲ್ಲುಜ್ಜುವ ಬ್ರಷ್‌ನಿಂದ ಪುಟ್ಟಿ ಕುಕ್ಕಿ ಎರಕದ ಮೈ ಮಾಡುವುದು ಷರ್ಮನ್ ಟ್ಯಾಂಕಿನ ಎರಕದ ಟರೆಟ್ಟಿಗೆ (ಮೇಲೆ ತಿರುಗುವ ಫಿರಂಗಿ ಗೋಪುರ) ಚೆಂದ. ಎಂ5 ಅನ್ನುವ ಮಾದರಿಯ ಸ್ಟುವರ್ಟ್‌ನ ದೇಹ ಪ್ಲೇಟ್ ಬೆಸೆದು ಮಾಡಿದ್ದು, ಅದಕ್ಕೆ ಬೇಕಾಗಿರುವುದು ವೆಲ್ಡಿಂಗ್ ಗೆರೆ. ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಸ್ಪ್ರೂ ಕಡ್ಡಿಯನ್ನೇ ದೀಪಕ್ಕೆ ಹಿಡಿದು ದಾರದಷ್ಟು ಸಪೂರ ಎಳೆಯಿರಿ, ಕೂಡುಗೆರೆಯಲ್ಲಿ ಇಟ್ಟು ತೆಳು ಅಂಟು ಸವರಿ, ಮೆತ್ತಗಾದಾಗ ಚಾಕುವಿನ ತುದಿಯಿಂದ ಒತ್ತುತ್ತಾ ಹೋಗಿ. ಖರ್ಚಿಲ್ಲದ ಕೆಲಸ.

ಯಾವ ಮಾದರಿ ಅಂತ ಮೊದಲೇ ತೀರ್ಮಾನಿಸಿ. ಪೆಟ್ಟಿಗೆ ಮೇಲಿನ ಚಿತ್ರ ನಂಬಬೇಡಿ, ಹಳೆಯ ಫೋಟೋ ಹುಡುಕಿ. ಎಂ3ರಲ್ಲಿ ವಿಮಾನದ ರೇಡಿಯಲ್ ಎಂಜಿನ್, ಎಂ5ರಲ್ಲಿ ಕ್ಯಾಡಿಲಾಕ್ ಕಾರಿನ ಎರಡು ಎಂಜಿನ್. ಅದಕ್ಕೇ ಎಂ5ರ ಹಿಂಭಾಗದಲ್ಲಿ ಎಂಜಿನ್ ಮುಚ್ಚುವ ಡೆಕ್ ಎತ್ತರಕ್ಕೆ ಉಬ್ಬಿದೆ, ದೂರದಿಂದಲೇ ಗೊತ್ತಾಗುತ್ತದೆ. ಎಂ5 ನಮ್ಮ ಸೇನೆಯಲ್ಲೂ ಇತ್ತು. ಅದೇ 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆ ಹತ್ತಿ ಹೋದ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳು ಅವು. ಶತ್ರುವಿಗೆ ಗೊತ್ತಾಗದಿರಲಿ ಅಂತ ಟರೆಟ್ ಬಿಚ್ಚಿ ಸಾಗಿಸಿದ್ದರು. ಆ ಕಾರ್ಯಾಚರಣೆ ನಡೆಸಿದವರು ಕೊಡಗಿನ ತಿಮ್ಮಯ್ಯ. ಈ ಚಿಕ್ಕ ಟ್ಯಾಂಕಿಗೆ ಕರ್ನಾಟಕದ ಜೊತೆ ಇಷ್ಟು ನಂಟು ಇರುವಾಗ, ನಮ್ಮ ಹುಡುಗರು ಬರೀ ಜರ್ಮನ್ ಟೈಗರ್ ಮಾಡಿಕೊಂಡು ಕೂತಿರುವುದು ನೋಡಿದರೆ ನನಗೆ ನಿಜವಾಗಿ ಬೇಸರ ಆಗುತ್ತದೆ.

ಚಿಕ್ಕಪುಟ್ಟದ್ದು ಬೇಗ ಹೇಳಿ ಮುಗಿಸುತ್ತೇನೆ. ನಳಿಗೆಯ ಒಳತೂತು 37 ಮಿಲಿಮೀಟರ್, ಅಂದರೆ ನಮಗೆ ಒಂದು ಮಿಲಿಮೀಟರ್‌ಗಿಂತ ಕೂದಲಷ್ಟು ಜಾಸ್ತಿ. ಹಳೆಯ ಕಿಟ್ಟಿನಲ್ಲಿ ಬಾಯಿ ಮುಚ್ಚಿದ್ದರೆ ಸಣ್ಣ ಡ್ರಿಲ್‌ನಿಂದ ಕೊರೆಯಿರಿ. ಮಡ್‌ಗಾರ್ಡ್ ಒಂದು ಮಿಲಿಮೀಟರ್ ದಪ್ಪ ಇದ್ದರೆ ನಿಜದಲ್ಲಿ 35 ಮಿಲಿಮೀಟರ್ ಆಯಿತು, ಅದು ಕವಚದ ದಪ್ಪ, ತಗಡಿನದ್ದಲ್ಲ. ತಂಪು ಪಾನೀಯದ ಡಬ್ಬಿ ಕತ್ತರಿಸಿ ಹೊಸದು ಮಾಡಿ. ಹಿಡಿಕೆಗಳಿಗೆ ಮೋಟಾರ್ ವೈಂಡಿಂಗ್ ಅಂಗಡಿಯ ತಾಮ್ರದ ತಂತಿ. ರಾಣೆಯವರ ಆ ಎರಡು ಹಗ್ಗಕ್ಕೆ ಮೀನು ಬಲೆಯ ಹುರಿ ಬಿಚ್ಚಿ ಒಂದೆಳೆ ತೆಗೆದುಕೊಳ್ಳಿ. ಅರ್ಧ ಇಂಚಿನ ಹಗ್ಗ 1:35ರಲ್ಲಿ ಮಿಲಿಮೀಟರಿನ ಮೂರರಲ್ಲಿ ಒಂದು ಪಾಲು ಬರುತ್ತದೆ, ಬಂದರಿನ ಬಲೆ ಅಂಗಡಿಯಲ್ಲಿ ಆ ಸಪೂರದ್ದು ಸಿಗುತ್ತದೆ.

ಬಣ್ಣದ ಬಗ್ಗೆ ಕರಾವಳಿಯವರಿಗೆ ಎರಡು ಮಾತು. ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಸ್ಪ್ರೇ ಮಾಡಬೇಡಿ, ತೇವಕ್ಕೆ ಮೇಲೆ ಬಿಳಿಚು ಕಟ್ಟುತ್ತದೆ. ಮತ್ತೆ ತುಕ್ಕು. ನಾವು ದಿನಾ ನೋಡುವುದು ಉಪ್ಪುಗಾಳಿಯ ತುಕ್ಕು, ಗೇಟು, ದೋಣಿ, ಕಿಟಕಿ ಸರಳು ಎಲ್ಲ ಕಡೆ. ಅದನ್ನೇ ತಂದು ಟ್ಯಾಂಕಿನ ಮೈಗೆ ಬಳಿಯುತ್ತೇವೆ. ಓಡಾಡುತ್ತಿದ್ದ ಟ್ಯಾಂಕಿಗೆ ಸೈನಿಕರು ಬಣ್ಣ ಹೊಡೆದೇ ಇಟ್ಟಿರುತ್ತಾರೆ. ರಜೌರಿ ದಾರಿಯ ಸ್ಟುವರ್ಟ್‌ಗೆ ಬೇಕಾಗಿರುವುದು ಗುಡ್ಡದ ರಸ್ತೆಯ ಧೂಳು ಮಣ್ಣು, ಅದೂ ಹೊಟ್ಟೆಯ ಕಡೆ ಜಾಸ್ತಿ.

ಪುಣೆ ಕಡೆಗೋ ಬೇರೆ ಎಲ್ಲಿಗೋ ಹೋದಾಗ ನಿಜವಾದ ಸ್ಟುವರ್ಟ್ ನೋಡಿದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಅದರ ಅಡಿಭಾಗದ ಫೋಟೋ ತೆಗೆದಿದ್ದರೆ ದಯವಿಟ್ಟು ಕಳಿಸಿ, ಮಸುಕಾಗಿದ್ದರೂ ಪರವಾಗಿಲ್ಲ. ಸ್ಟುವರ್ಟ್‌ನ ಅಳತೆ ಹಾಕಿ ನಾನು ಬರೆದ ನಕ್ಷೆಯನ್ನು ಕೇಳಿದವರಿಗೆಲ್ಲ ಕೊಡುತ್ತೇನೆ.